ಮೆಚ್ಚಿನ ಫ್ಯಾಂಟಸಿ ಲೇಖಕರನ್ನು ಟೀಕಿಸಿದರೆ ಅಭಿಮಾನಿಗಳು ಸ್ವಾಗತಿಸಬೇಕಾ?

ಖಂಡಿತ ಸ್ವಾಗತಿಸಬೇಕು, ಟೀಕಿಸುವವರು ಪುಸ್ತಕ ಓದಿರಬೇಕು ಅಷ್ಟೇ.

ಅಮೆರಿಕದ ಅರ್ಸುಲಾ ಲೆ ಗ್ವಿನ್ ಅವರನ್ನೇ ನೋಡಿ. 1968ರಲ್ಲಿ ಶುರುವಾದ ಅವರ ‘ಅರ್ತ್‌ಸೀ’ ಕಾದಂಬರಿಗಳಲ್ಲಿ ಮಾಂತ್ರಿಕರ ಶಾಲೆಗೆ ಹುಡುಗರಿಗೆ ಮಾತ್ರ ಪ್ರವೇಶ. ಹೆಂಗಸರ ಮಂತ್ರವಿದ್ಯೆ ದುರ್ಬಲ, ಕೆಟ್ಟದ್ದು ಅನ್ನೋ ಗಾದೆಗಳೂ ಆ ಲೋಕದಲ್ಲಿವೆ. ಸ್ತ್ರೀವಾದಿ ಓದುಗರು ಇದನ್ನು ಪ್ರಶ್ನಿಸಿದರು. ಪ್ರಶ್ನೆ ನ್ಯಾಯವಾದದ್ದೇ ಅಲ್ವಾ? ಲೆ ಗ್ವಿನ್ ಸ್ವತಃ ಆ ಲೋಕಕ್ಕೆ ಮರಳಿದರು. 1990ರ ‘ತೆಹಾನು’ ಕಾದಂಬರಿಯಲ್ಲಿ ಅದನ್ನು ಟೆನಾರ್ ಎಂಬ ರೈತನ ವಿಧವೆಯ ಕಣ್ಣಿಂದ ತೋರಿಸಿದರು. ಮಂತ್ರಶಕ್ತಿ ಕಳೆದುಕೊಂಡ ಗೆಡ್ (ಮೊದಲ ಕಾದಂಬರಿಯ ನಾಯಕನಾದ ಮಾಂತ್ರಿಕ), ಸುಟ್ಟಗಾಯದ ಪುಟ್ಟ ಹುಡುಗಿ, ದಿನನಿತ್ಯದ ಮನೆಗೆಲಸ ಎಲ್ಲವೂ ಅದರಲ್ಲಿವೆ. ಸರಣಿಯಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಅದೇ.

ಪುಸ್ತಕ ತೆರೆಯದೆ, ಫ್ಯಾಂಟಸಿ ಅಂದರೆ ಮಕ್ಕಳಾಟ ಅಂತ ಸುಮ್ನೆ ಹೇಳುವವರಿಗೆ ಉತ್ತರ ಕೊಡುವ ಅಗತ್ಯವಿಲ್ಲ.