ಆಡದವರಿಗೂ ಆಟದ ಫೀಸು

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಅಮೆರಿಕದ ವರ್ಜೀನಿಯಾ ರಾಜ್ಯದ ಸರ್ಕಾರಿ ಯೂನಿವರ್ಸಿಟಿಯಲ್ಲಿ ಎಂ.ಎಸ್. ಸೀಟು ಸಿಕ್ಕಿದೆ, ಜೊತೆಗೆ ಅಸಿಸ್ಟೆಂಟ್‌ಶಿಪ್ಪೂ (ಪಾಠಕ್ಕೋ ಸಂಶೋಧನೆಗೋ ನೆರವಾಗೋ ಕೆಲಸ) ಇದೆ. ಟ್ಯೂಷನ್ ಮನ್ನಾ ಅಂತ ಪತ್ರದಲ್ಲಿ ಬರೆದಿದ್ದರೂ ಬಿಲ್ಲಿನಲ್ಲಿ ಕಡ್ಡಾಯ ಫೀಸು ಅಂತ ದೊಡ್ಡ ಮೊತ್ತ ಕೂತಿದೆ, ಅದರೊಳಗೆ ಅಥ್ಲೆಟಿಕ್ಸ್ ಫೀಸು, ಅಂದರೆ ಯೂನಿವರ್ಸಿಟಿ ತಂಡಗಳ ಆಟದ ಖರ್ಚಿಗೆ ಅಂತ ಎತ್ತೋ ದುಡ್ಡು. "ನಾನು ಚೆಂಡನ್ನೇ ಮುಟ್ಟಲ್ಲ ಅಕ್ಕಾ, ಇದನ್ನ ತೆಗೆಸಬಹುದಾ? ಫುಟ್‌ಬಾಲ್‌ನಿಂದ ಯೂನಿವರ್ಸಿಟಿಗೇ ದುಡ್ಡು ಬರುತ್ತೆ ಅಂತಾರಲ್ಲ?" ಅಂತ ಕೇಳಿದ್ದೀಯ.

ತೆಗೆಸೋದು ಸಾಮಾನ್ಯವಾಗಿ ಆಗಲ್ಲ. ಇಲ್ಲಿ ಫುಟ್‌ಬಾಲ್ ಅಂದರೆ ಚೆಂಡು ಕೈಯಲ್ಲಿ ಹಿಡಿದು ಓಡೋ ಅಮೆರಿಕನ್ ಫುಟ್‌ಬಾಲ್. ಇನ್ನು ಫುಟ್‌ಬಾಲ್‌ನಿಂದ ದುಡ್ಡು ಬರುತ್ತೆ ಅನ್ನೋ ಮಾತು ಟೀವಿಯಲ್ಲಿ ಕಾಣೋ ಕೆಲವೇ ಯೂನಿವರ್ಸಿಟಿಗಳಿಗೆ ಒಪ್ಪುತ್ತೆ. ಕಾಲೇಜು ಆಟಗಳ ಸಂಸ್ಥೆ ಎನ್‌ಸಿಎಎ ತಾನೇ ಕೊಟ್ಟ ಲೆಕ್ಕ ಕೇಳು: 2019ರಲ್ಲಿ ಫುಟ್‌ಬಾಲ್‌ನ ಮೇಲ್ದರ್ಜೆಯಲ್ಲಿದ್ದ ಸುಮಾರು 130 ಯೂನಿವರ್ಸಿಟಿಗಳಲ್ಲಿ ಆಟದಿಂದ ಬಂದ ದುಡ್ಡು ಆಟದ ಖರ್ಚಿಗಿಂತ ಹೆಚ್ಚಿದ್ದದ್ದು 25ರಲ್ಲಿ ಮಾತ್ರ. ಮಿಕ್ಕವರೆಲ್ಲ ಯೂನಿವರ್ಸಿಟಿಯ ಖಜಾನೆಯಿಂದಲೋ ವಿದ್ಯಾರ್ಥಿಗಳ ಫೀಸಿನಿಂದಲೋ ತೂತು ಮುಚ್ಚಿಕೊಂಡವರು. ಆ ಮೇಲ್ದರ್ಜೆಗೆ ಸೇರದ ನೂರಾರು ಕಾಲೇಜುಗಳ ಮಾತಂತೂ ಬೇಡವೇ ಬೇಡ.

ಓಹಾಯೋ ಸ್ಟೇಟ್, ಮಿಷಿಗನ್ ತರಹದ ಯೂನಿವರ್ಸಿಟಿಗಳ ಲೋಕವೇ ಬೇರೆ. ಮಿಷಿಗನ್ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದು. ಅವರಿಬ್ಬರೂ ಇರುವ ಬಿಗ್ ಟೆನ್ ಕೂಟ (ತಮ್ಮತಮ್ಮಲ್ಲೇ ಪಂದ್ಯ ಆಡೋ ಯೂನಿವರ್ಸಿಟಿಗಳ ಗುಂಪು) 2022ರಲ್ಲಿ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಜೊತೆ ಮಾಡಿಕೊಂಡ ಏಳು ವರ್ಷದ ಟೀವಿ ಒಪ್ಪಂದ 700 ಕೋಟಿ ಡಾಲರ್ ದಾಟುತ್ತೆ. ಭಾರ ಬೀಳೋದು ಇವರ ಹಾಗೆ ಆಗಬೇಕು ಅಂತ ಹೊರಟ ಮಧ್ಯಮ ಯೂನಿವರ್ಸಿಟಿಗಳ ಮಕ್ಕಳ ಮೇಲೆ. ಟೀವಿಯವರು ಅವರಿಗೆ ಕೊಡೋದು ಚಿಲ್ಲರೆ. ಆದರೆ ಕೋಚ್ ಸಂಬಳ, ವಿಮಾನ ಪ್ರಯಾಣ, ಕ್ರೀಡಾಂಗಣ ಮಾತ್ರ ದೊಡ್ಡವರ ಅಳತೆಯಲ್ಲೇ ಬೇಕು.

ನೀನು ಬರುತ್ತಿರೋ ವರ್ಜೀನಿಯಾದಲ್ಲೇ ಉದಾಹರಣೆ ಇದೆ. ಹ್ಯಾರಿಸನ್‌ಬರ್ಗ್‌ನ ಜೇಮ್ಸ್ ಮ್ಯಾಡಿಸನ್ ಯೂನಿವರ್ಸಿಟಿ 2022ರಲ್ಲಿ ಫುಟ್‌ಬಾಲ್‌ನ ಮೇಲ್ದರ್ಜೆಗೆ ಹೋಯಿತು. ಅಲ್ಲಿ ಪದವಿ ಓದುವ ಒಬ್ಬೊಬ್ಬ ವಿದ್ಯಾರ್ಥಿಯೂ ವರ್ಷಕ್ಕೆ 2,000 ಡಾಲರ್‌ಗೂ ಹೆಚ್ಚು ದುಡ್ಡನ್ನ ಅಥ್ಲೆಟಿಕ್ಸ್‌ಗೆ ಅಂತಲೇ ಕಟ್ಟುತ್ತಾನೆ. 20,000ದ ಹತ್ತಿರ ಮಕ್ಕಳಿರುವ ಕಡೆ ಅದು ವರ್ಷಕ್ಕೆ ಸುಮಾರು 4 ಕೋಟಿ ಡಾಲರ್ ಆಗುತ್ತೆ. ತಂಡ ಚೆನ್ನಾಗಿ ಆಡುತ್ತೆ, ಊರಿಗೆ ಊರೇ ನೇರಳೆ ಬಣ್ಣ ಉಟ್ಟು ಕುಣಿಯುತ್ತೆ, ಅದನ್ನ ಇಲ್ಲ ಅನ್ನಲ್ಲ. ಆದರೆ ಸಾಲ ಮಾಡಿ ನರ್ಸಿಂಗ್ ಓದೋ ಹುಡುಗಿ ಆ ಫೀಸನ್ನೂ ಸಾಲಕ್ಕೆ ಸೇರಿಸಿ, ಮುಂದೆ ವರ್ಷಗಟ್ಟಲೆ ಬಡ್ಡಿ ಸಮೇತ ತೀರಿಸುತ್ತಾಳೆ. ನಮ್ಮ ಕಡೆ ಜಾತ್ರೆಗೆ ಮನೆಮನೆಯಿಂದ ವಂತಿಗೆ ಎತ್ತೋರು ಕೂಡ ಬಡವರ ಮನೆ ಮುಂದೆ ಸ್ವಲ್ಪ ದನಿ ತಗ್ಗಿಸುತ್ತಾರೆ. ಇಲ್ಲಿ ಅಂಥ ದಾಕ್ಷಿಣ್ಯ ಇಲ್ಲ, ಎಲ್ಲರಿಗೂ ಒಂದೇ ದರ.

ಇದು ಮಿತಿ ಮೀರುತ್ತಿದೆ ಅಂತ ರಾಜ್ಯದ ಶಾಸನಸಭೆಗೂ ಅನಿಸಿದ್ದರಿಂದಲೇ 2015ರಲ್ಲಿ ಒಂದು ಕಾನೂನು ಬಂತು. ಅಥ್ಲೆಟಿಕ್ಸ್ ಆದಾಯದಲ್ಲಿ ವಿದ್ಯಾರ್ಥಿಗಳ ಫೀಸು ಮತ್ತು ಯೂನಿವರ್ಸಿಟಿಯ ಸಹಾಯಧನ ಎರಡೂ ಸೇರಿ ಇಷ್ಟು ಪಾಲು ಮೀರಬಾರದು ಅಂತ ಕಟ್ಟು ಹಾಕಿದರು. ಆಗ ಗೊತ್ತು ಮಾಡಿದ್ದು ಅತಿ ದೊಡ್ಡ ಐದು ಕೂಟಗಳವರಿಗೆ ಶೇ. 20, ಮೇಲ್ದರ್ಜೆಯ ಉಳಿದವರಿಗೆ ಶೇ. 55, ಅದರ ಕೆಳಗಿನ ದರ್ಜೆಗೆ ಶೇ. 70. ಕಡಿವಾಣ ಹಾಕಿದ ಕಾನೂನೇ ಅರ್ಧಕ್ಕಿಂತ ಹೆಚ್ಚು ಪಾಲು ಮಕ್ಕಳ ಜೇಬಿನಿಂದಲೋ ಯೂನಿವರ್ಸಿಟಿ ಖಜಾನೆಯಿಂದಲೋ ಬರೋದಕ್ಕೆ ಒಪ್ಪಿದೆ ಅಂದಮೇಲೆ, ಆಟ ತನ್ನ ಕಾಲ ಮೇಲೆ ತಾನು ನಿಂತಿದೆ ಅಂತ ಯಾರು ಹೇಳಿದರೂ ನಂಬಬೇಡ.

ಪರವಾಗಿ ಹೇಳೋರು ಪ್ರಚಾರದ ಮಾತು ತೆಗೀತಾರೆ. ಅದರಲ್ಲಿ ಸತ್ಯಾಂಶ ಇದೆ. ಫೇರ್‌ಫ್ಯಾಕ್ಸ್‌ನ ಜಾರ್ಜ್ ಮೇಸನ್ ಯೂನಿವರ್ಸಿಟಿ 2006ರಲ್ಲಿ ಬ್ಯಾಸ್ಕೆಟ್‌ಬಾಲ್‌ನ ಕೊನೆಯ ನಾಲ್ಕರ ಸುತ್ತಿಗೆ ಬಂದಾಗ ದೇಶಕ್ಕೆಲ್ಲ ಅದರ ಹೆಸರು ಗೊತ್ತಾಯಿತು, ಸೀಟಿಗೆ ಅರ್ಜಿಗಳೂ ಹೆಚ್ಚಿದವು. ನಮ್ಮ ದೇಶದ ಹೈಜಂಪ್ ಪಟು ತೇಜಸ್ವಿನ್ ಶಂಕರ್ ಕ್ಯಾನ್ಸಸ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಸ್ಕಾಲರ್‌ಶಿಪ್ ಮೇಲೆ ಓದಿ ಎರಡು ಸಲ ಎನ್‌ಸಿಎಎ ಚಾಂಪಿಯನ್ ಆದ. ಈಜು, ಓಟ, ಕುಸ್ತಿ ಇವೆಲ್ಲ ಸಾಮಾನ್ಯವಾಗಿ ಲಾಭ ತರೋ ಆಟಗಳಲ್ಲ, ಆದರೂ ಈ ದೇಶದ ಒಲಿಂಪಿಕ್ ಪದಕಗಳ ಬೇರು ಇರೋದು ಕಾಲೇಜುಗಳಲ್ಲೇ. ಅದಕ್ಕೆ ದುಡ್ಡು ಹಾಕೋದು ತಪ್ಪು ಅಂತ ನಾನು ಹೇಳಲ್ಲ. ನನ್ನ ತಕರಾರು ಅದನ್ನ ಯಾರಿಂದ ವಸೂಲಿ ಮಾಡುತ್ತಾರೆ ಅನ್ನೋದರ ಬಗ್ಗೆ. ಗೇಟಿನಲ್ಲಿ ಟಿಕೆಟ್ ಕೊಳ್ಳೋನು ಇಷ್ಟಪಟ್ಟು ಕೊಳ್ಳುತ್ತಾನೆ. ನಿನಗೆ ಯಾರೂ ಇಷ್ಟ ಕೇಳಲಿಲ್ಲ.

ಬೇರೆ ದಾರಿ ಹಿಡಿದವರೂ ಇದ್ದಾರೆ. ಶಿಕಾಗೋ ಯೂನಿವರ್ಸಿಟಿ 1939ರಲ್ಲೇ ದೊಡ್ಡ ಫುಟ್‌ಬಾಲ್ ಬಿಟ್ಟಿತು. ಖಾಲಿ ಬಿದ್ದ ಅದರ ಕ್ರೀಡಾಂಗಣದ ಗ್ಯಾಲರಿ ಕೆಳಗೇ 1942ರಲ್ಲಿ ವಿಜ್ಞಾನಿ ಫರ್ಮಿ ಮೊದಲ ಅಣು ಸರಪಳಿ ಕ್ರಿಯೆ ನಡೆಸಿದ್ದು. (ಯೂನಿವರ್ಸಿಟಿಯ ಹೆಸರಿಗೇನೂ ಕುಂದು ಬಂದಂತಿಲ್ಲ!) ಅಟ್ಲಾಂಟಾದ ಸ್ಪೆಲ್‌ಮನ್ ಮಹಿಳಾ ಕಾಲೇಜು 2013ರಲ್ಲಿ ಎನ್‌ಸಿಎಎ ಬಿಟ್ಟು, ಸುಮಾರು 80 ಆಟಗಾರ್ತಿಯರಿಗೆ ಹೋಗುತ್ತಿದ್ದ ಹಣವನ್ನ ಎಲ್ಲ ಹುಡುಗಿಯರ ಆರೋಗ್ಯ, ವ್ಯಾಯಾಮಕ್ಕೆ ತಿರುಗಿಸಿತು. ಇಂಥವರು ಅಪರೂಪ. ಅಲಬಾಮಾದ ಬರ್ಮಿಂಗ್‌ಹ್ಯಾಮ್ ಯೂನಿವರ್ಸಿಟಿ 2014ರ ಡಿಸೆಂಬರಿನಲ್ಲಿ ಖರ್ಚು ತಾಳಲಾರದೆ ಫುಟ್‌ಬಾಲ್ ನಿಲ್ಲಿಸಿದಾಗ ಊರಲ್ಲಿ ಎಂಥ ಗಲಾಟೆ ಆಯಿತೆಂದರೆ, ಮರುವರ್ಷವೇ ನಿರ್ಧಾರ ವಾಪಸ್ ಪಡೆದರು. 2017ರಲ್ಲಿ ತಂಡ ಮತ್ತೆ ಮೈದಾನಕ್ಕಿಳಿಯಿತು.

ಇನ್ನು ಮುಂದೆ ಫೀಸು ಇಳಿಯುವ ಆಸೆ ಇಟ್ಟುಕೊಳ್ಳಬೇಡ. 2025ರ ಜೂನ್‌ನಲ್ಲಿ ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ದಾವೆಯಲ್ಲಿ ಕೋರ್ಟು ಒಪ್ಪಿದ ರಾಜಿಯಂತೆ ಯೂನಿವರ್ಸಿಟಿಗಳು ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಮೊದಲ ವರ್ಷಕ್ಕೆ ಒಂದೊಂದು ಯೂನಿವರ್ಸಿಟಿಯ ಮಿತಿ 2.05 ಕೋಟಿ ಡಾಲರ್. ಬೆವರು ಸುರಿಸೋ ಆಟಗಾರನಿಗೆ ಪಾಲು ಸಿಗೋದು ನ್ಯಾಯವೇ, ಕೋಟಿಗಟ್ಟಲೆ ಎಣಿಸಿಕೊಳ್ಳೋ ಕೋಚ್‌ಗಳಿಗಿಂತ ಅವನಿಗೆ ಹೋಗಲಿ. ಆದರೆ ಆ ಹಣ ಎಲ್ಲಿಂದಾದರೂ ಬರಬೇಕಲ್ಲ. ಸೌತ್ ಕ್ಯಾರೊಲಿನಾದ ಕ್ಲೆಮ್ಸನ್, ಅದೂ ಫುಟ್‌ಬಾಲ್‌ನಲ್ಲಿ ಘಟಾನುಘಟಿ, ಆ ವರ್ಷದಿಂದಲೇ ವಿದ್ಯಾರ್ಥಿಗಳಿಗೆ ಸೆಮಿಸ್ಟರ್‌ಗೆ 150 ಡಾಲರ್ ಅಥ್ಲೆಟಿಕ್ಸ್ ಫೀಸು ಶುರು ಮಾಡಿತು.

ಈಗ ನೀನು ಮಾಡಬೇಕಾದ್ದು. ಟ್ಯೂಷನ್ ಮನ್ನಾ ಅಂದರೆ ಫೀಸೂ ಮನ್ನಾ ಅಂತಲ್ಲ, ನಮ್ಮ ಹುಡುಗರು ಎಡವೋದೇ ಇಲ್ಲಿ. ಡಿಪಾರ್ಟ್‌ಮೆಂಟಿನ ಗ್ರ್ಯಾಜುಯೇಟ್ ಕೋಆರ್ಡಿನೇಟರ್‌ಗೆ ಇವತ್ತೇ ಮೇಲ್ ಹಾಕಿ, ಫೀಸಿನಲ್ಲಿ ಏನಾದರೂ ಭಾಗ ಅಸಿಸ್ಟೆಂಟ್‌ಶಿಪ್‌ನಿಂದ ಹೋಗುತ್ತಾ ಅಂತ ವಿಚಾರಿಸು. ಕೆಲವು ಕಡೆ ಕೊಡುತ್ತಾರೆ, ಕೇಳದವರಿಗೆ ಹೇಳೋದಿಲ್ಲ. ಇನ್ನೂ ಎರಡು ಮೂರು ಕಡೆ ಸೀಟು ಕೈಯಲ್ಲಿದ್ದರೆ ಬರೀ ಟ್ಯೂಷನ್ ನೋಡಬೇಡ, ಕಡ್ಡಾಯ ಫೀಸಿನ ವಿವರ ಪಕ್ಕಪಕ್ಕ ಇಟ್ಟು ನೋಡು, ವರ್ಷಕ್ಕೆ ಸಾವಿರ ಡಾಲರ್ ಮೇಲೆಯೇ ವ್ಯತ್ಯಾಸ ಬರಬಹುದು. ಜಿಮ್ ಫೀಸು ಬೇರೆ, ಅಥ್ಲೆಟಿಕ್ಸ್ ಫೀಸು ಬೇರೆ. ನೀನು ಕ್ರಿಕೆಟ್ ಆಡಬೇಕು ಅಂದರೆ ಅದು ಸಾಮಾನ್ಯವಾಗಿ ವಿದ್ಯಾರ್ಥಿಗಳೇ ನಡೆಸೋ ಕ್ಲಬ್. ಅಥ್ಲೆಟಿಕ್ಸ್ ಫೀಸಿನ ದುಡ್ಡು ಆ ಕಡೆ ತಲೆ ಹಾಕಿಯೂ ಮಲಗಲ್ಲ, ಬ್ಯಾಟು ಪ್ಯಾಡು ಊರಿಂದಲೇ ತಗೊಂಡು ಬಾ.

ಈ ಫೀಸು ಕಟ್ಟಿಸಿಕೊಳ್ಳೋ ಎಷ್ಟೋ ಕಡೆ ವಿದ್ಯಾರ್ಥಿಗಳಿಗೆ ಪಂದ್ಯಗಳ ಟಿಕೆಟ್ ಪುಕ್ಕಟೆ. ಕೊಟ್ಟಿದ್ದಂತೂ ಕೊಟ್ಟಾಗಿದೆ, ಹೋಗಿ ನೋಡು. ಫುಟ್‌ಬಾಲ್ ನಿಯಮ ಅರ್ಥ ಆಗೋಕೆ ಒಂದು ಸೀಸನ್ ಬೇಕು, ಬ್ಯಾಸ್ಕೆಟ್‌ಬಾಲ್‌ನಿಂದ ಶುರು ಮಾಡು. ಬಿಲ್ ಒಂದೇ ಸಲ ಕಟ್ಟೋದು ಕಷ್ಟ ಆದರೆ ಕಂತಿನ ವ್ಯವಸ್ಥೆ ಇದೆಯಾ ಅಂತ ಫೀಸು ಆಫೀಸಿನಲ್ಲಿ ಕೇಳು, ಗಡುವು ಮುಗಿಯೋ ಮುಂಚೆ. ಆಮೇಲೆ ಲೇಟ್ ಫೀಸು ಬೀಳುತ್ತೆ.