ಅಜ್ಜನ ಜೋಡುನಳಿಗೆ ಬಂದೂಕು ಮತ್ತೆ ಕೂಡಿಸುವ ಬಗ್ಗೆ

ನಮಸ್ಕಾರ ರೀ. ನಿಮ್ಮ ಪ್ರಶ್ನೆ, ಮೂರು ಫೋಟೊ, ಕೆಳಗೆ ಬಂದ ಉತ್ತರ ಎಲ್ಲ ಓದಿದೆ. ಹಾನಗಲ್ಲಿನ ಮನೆಯಲ್ಲಿ ಅಜ್ಜನ ಕಾಲದ ಬರ್ಮಿಂಗ್‌ಹ್ಯಾಮ್ ಡಬಲ್ ಬ್ಯಾರೆಲ್ ಇದೆ. ಲೈಸೆನ್ಸ್ ಈಗ ನಿಮ್ಮ ಹೆಸರಿನಲ್ಲೇ ಇದೆ. ಖಂಡೇನವಮಿ ಪೂಜೆ ಮುಗಿದ ಮೇಲೆ ಒರೆಸಲು ಬಿಚ್ಚಿದಿರಿ. ಕುತೂಹಲಕ್ಕೆ ಕೆಳಗಿನ ತಗಡನ್ನೂ ತೆಗೆದು ಹಾಕಿದಿರಿ. ಬಿಚ್ಚಿಟ್ಟಾಗಲೇ ಎರಡೂ ಟ್ರಿಗರ್ ಎಳೆದು ನೋಡಿದಿರಿ. ಈಗ ನಳಿಗೆ ಸರಿಯಾಗಿ ಮುಚ್ಚುತ್ತಿಲ್ಲ, ಎಡಗೈ ಹಿಡಿಯುವ ಮುಂದಿನ ಕಟ್ಟಿಗೆ ಕೂರುತ್ತಿಲ್ಲ, ಒಂದು ಸಣ್ಣ ಸ್ಕ್ರೂ ಬೇರೆ ಉಳಿದಿದೆ. ಇಷ್ಟೇ ಅಲ್ವಾ? ನೀವು ಹೇಳಿದ್ದನ್ನು ನೋಡಿದರೆ ಏನೂ ಮುರಿದಂತೆ ಕಾಣುವುದಿಲ್ಲ. ಗಾಬರಿ ಬೇಡ.

ಮೇಲೆ ಒಬ್ಬರು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ ಅಂತ ಬರೆದಿದ್ದಾರೆ. ದಯವಿಟ್ಟು ಬಡಿಯಬೇಡಿ. ನಾನು ಆ ತಪ್ಪು ಮಾಡಿದ್ದೇನೆ. ನವಲಗುಂದದ ಮನೆಯಲ್ಲಿ ಅಪ್ಪನ ಬಂದೂಕು ಹೀಗೆಯೇ ಹಟ ಹಿಡಿದಾಗ ಕಟ್ಟಿಗೆ ಇಟ್ಟು ಬಡಿದೆ. ಕಾಡತೂಸನ್ನು ಹೊರಗೆ ತಳ್ಳುವ ಎಕ್ಸ್‌ಟ್ರಾಕ್ಟರ್ ಬಾಗಿತು. ಅದನ್ನು ಕೈಯಿಂದ ಮಾಡಿಸಿ ಕೂರಿಸಲು ತಿಂಗಳುಗಟ್ಟಲೆ ಅಲೆದೆ. ಆಮೇಲೆ ಗದಗಿನ ಹಿರಿಯರೊಬ್ಬರು ಫೋನಿನಲ್ಲೇ ಹತ್ತು ನಿಮಿಷದಲ್ಲಿ ವಿಷಯ ತಿಳಿಸಿಕೊಟ್ಟರು. ಅದನ್ನೇ ನಿಮಗೆ ಹೇಳುತ್ತಿದ್ದೇನೆ.

ನಿಮ್ಮ ಫೋಟೊದಲ್ಲಿ ಹೊರಗೆ ಕುದುರೆ ಕಾಣುವುದಿಲ್ಲ. ಟ್ರಿಗರ್ ಎಳೆದಾಗ ಬಡಿದು ಕಾಡತೂಸು ಸಿಡಿಸುವ ಹ್ಯಾಮರಿಗೆ ನಮ್ಮ ಹಿರಿಯರು ಕುದುರೆ ಅಂತಲೇ ಅನ್ನುತ್ತಿದ್ದರು. ಟ್ರಿಗರ್ ಮೇಲಿನ ಕಬ್ಬಿಣದ ಭಾಗ ಸಣ್ಣ ಡಬ್ಬಿಯ ಹಾಗಿದೆ. ಇದಕ್ಕೆ ಬಾಕ್ಸ್‌ಲಾಕ್ ಅನ್ನುತ್ತಾರೆ. ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್‌ನಲ್ಲಿದ್ದ ಆನ್ಸನ್ ಮತ್ತು ಡೀಲಿ 1875ರಲ್ಲಿ ಪೇಟೆಂಟ್ ಮಾಡಿಸಿದ ಏರ್ಪಾಡು ಇದು. ಆಮೇಲೆ ಬಂದ ಲೆಕ್ಕವಿಲ್ಲದಷ್ಟು ಡಬಲ್ ಬ್ಯಾರೆಲ್‌ಗಳು ಇದೇ ಮಾದರಿಯವು. ಇದರಲ್ಲಿ ಕುದುರೆಗಳು ಡಬ್ಬಿಯೊಳಗಿವೆ. ಅವನ್ನು ಬೆರಳಿಂದ ಎಳೆದು ಏರಿಸುವುದಿಲ್ಲ. ಬಂದೂಕು ಮುರಿದಾಗ, ಅಂದರೆ ನಳಿಗೆ ಕೆಳಗೆ ಬಾಗಿದಾಗ, ಮುಂದಿನ ಕಟ್ಟಿಗೆಯ ಕಬ್ಬಿಣ, ಡಬ್ಬಿಯಿಂದ ಮುಂದಕ್ಕೆ ಚಾಚಿದ ಎರಡು ಸನ್ನೆಗಳ (ಮೀಟುವ ಸಣ್ಣ ಲಿವರ್‌ಗಳ) ಮೂತಿಯನ್ನು ಕೆಳಗೆ ಒತ್ತುತ್ತದೆ. ಸನ್ನೆಯ ಹಿಂದಿನ ತುದಿ ಮೇಲೆದ್ದು ಕುದುರೆಯನ್ನು ಏರಿಸುತ್ತದೆ. ಬಾವಿಯ ಏತ ಇದ್ದ ಹಾಗೆ. ನಳಿಗೆಯ ಭಾರವೇ ಕೆಲಸ ಮಾಡುತ್ತದೆ.

ಈಗ ನೀವು ಬಿಚ್ಚಿಟ್ಟಾಗ ಟ್ರಿಗರ್ ಎಳೆದಿರಿ. ಕುದುರೆ ಇಳಿಯಿತು, ಸನ್ನೆಯ ಮೂತಿ ಮೇಲಕ್ಕೆ ಎದ್ದಿತು. ಅದಕ್ಕೇ ಕಟ್ಟಿಗೆ ಕೂರುತ್ತಿಲ್ಲ. ಇನ್ನೊಂದು ನೋಡಿ. ನಳಿಗೆಯ ಹಿಂಭಾಗ ಬಂದು ತಾಗುವ ನೇರ ಮುಖದಲ್ಲಿ ಎರಡು ಸಣ್ಣ ತೂತುಗಳಿವೆ. ಅಲ್ಲಿಂದ ಮೊಳೆಯಂಥ ತುದಿ ಇಣುಕುತ್ತಿರಬೇಕು. ಇಂಥ ಬಂದೂಕಿನಲ್ಲಿ ಕುದುರೆ ಇಳಿದಾಗ ಅದು ಹೊರಗೆ ನಿಲ್ಲುತ್ತದೆ, ನಳಿಗೆಗೆ ಅಡ್ಡ ಬರುತ್ತದೆ. ಬಡಿದರೆ ಆ ತುದಿಯೇ ಮುರಿಯುತ್ತದೆ.

ಮಾಡಬೇಕಾದ್ದು ಇಷ್ಟು. ಮೊದಲು ಎರಡೂ ನಳಿಗೆಯನ್ನು ಬೆಳಕಿಗೆ ಹಿಡಿದು ಆರಪಾರ ನೋಡಿ. ಕಾಡತೂಸು ಇಲ್ಲ ಅಂತ ಗೊತ್ತಿದ್ದರೂ ನೋಡಿ. ಕಾಡತೂಸಿನ ಡಬ್ಬ ಬೇರೆ ಕೋಣೆಯಲ್ಲಿರಲಿ, ಮಕ್ಕಳು ಹತ್ತಿರ ಬೇಡ. ಒಂದು ಗಟ್ಟಿ ಮರದ ತುಂಡಿಗೆ ದಪ್ಪ ಬಟ್ಟೆ ಸುತ್ತಿ ಮೇಜಿನ ಅಂಚಿಗೆ ಭದ್ರ ಮಾಡಿ. ಹಿಂದಿನ ಹಿಡಿಯನ್ನು ಟ್ರಿಗರ್ ಮೇಲೆ ಬರುವಂತೆ ಮಗುಚಿ ಎರಡೂ ಕೈಯಲ್ಲಿ ಹಿಡಿದು, ಸನ್ನೆಯ ಒಂದು ಮೂತಿಯನ್ನು ಆ ಮರದ ಮೇಲಿಟ್ಟು ನಿಧಾನವಾಗಿ ಒತ್ತಿ. ಸ್ಪ್ರಿಂಗ್ ಬಿರುಸಾಗಿರುತ್ತದೆ, ಮೈಭಾರ ಬಿಡಬೇಕಾಗುತ್ತದೆ. ಟಕ್ ಅಂತ ಸದ್ದು ಬರುತ್ತದೆ. ಆಗ ಆ ಕಡೆಯ ಕುದುರೆ ಏರಿತು. ಇನ್ನೊಂದು ಮೂತಿಗೂ ಹಾಗೇ ಮಾಡಿ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಜಾರಿದರೆ ಕೈಗೂ ಪೆಟ್ಟು, ಕಬ್ಬಿಣಕ್ಕೂ ಗೀರು. ಎರಡು ಸಲ ಟಕ್ ಆದ ಮೇಲೆ ಆ ಮೊಳೆ ತುದಿ ಒಳಗೆ ಹೋಗಿದೆಯಾ ನೋಡಿ. ಹೋಗಿದ್ದರೆ ನಿಮ್ಮ ಮುಕ್ಕಾಲು ಕೆಲಸ ಮುಗಿಯಿತು. ಟ್ರಿಗರ್ ಮತ್ತೆ ಮುಟ್ಟಬೇಡಿ.

ಆಮೇಲೆ ಹಿಡಿಯನ್ನು ತೊಡೆಗೆ ಆನಿಸಿಕೊಳ್ಳಿ. ಮೇಲಿನ ಲಿವರನ್ನು ಬಲಕ್ಕೆ ತಳ್ಳಿ ಹಿಡಿದು, ನಳಿಗೆಯ ಕೆಳಗಿನ ಕೊಕ್ಕೆಯನ್ನು ಅಡ್ಡ ಪಿನ್ನಿಗೆ ಸಿಕ್ಕಿಸಿ ನಿಧಾನವಾಗಿ ಮುಚ್ಚಿ. ಅದಕ್ಕೂ ಮುಂಚೆ ಆ ಪಿನ್ನಿಗೆ ಕಡಲೆಕಾಳಿನಷ್ಟು ಗ್ರೀಸ್ ಇರಲಿ. ನಳಿಗೆ ಮುಚ್ಚಿದ ಮೇಲೆ ಮುಂದಿನ ಕಟ್ಟಿಗೆಯ ಹಿಂಭಾಗವನ್ನು ಡಬ್ಬಿಯ ಮುಂತುದಿಯ ಗುಂಡನೆಯ ಕೀಲಿಗೆ ಆನಿಸಿ, ಮುಂತುದಿ ಮೇಲೆತ್ತಿದರೆ ತಾನೇ ಕಚ್ಚಿಕೊಳ್ಳುತ್ತದೆ. ಆಗಲೂ ಕೂರದಿದ್ದರೆ ನಿಮ್ಮದು ಎಜೆಕ್ಟರ್, ಅಂದರೆ ಹೊಡೆದ ಕಾಡತೂಸನ್ನು ತಾನೇ ಹೊರಗೆ ಎಸೆಯುವ ಏರ್ಪಾಡು, ಇರುವ ಬಂದೂಕು ಇರಬಹುದು. ಕಟ್ಟಿಗೆಯ ಒಳಗಿನ ಎರಡು ಸಣ್ಣ ಹೊಡೆತಗಾರ ತುಂಡುಗಳನ್ನೂ ಅದೇ ಮರದ ಮೇಲೆ ಒತ್ತಿ ಏರಿಸಬೇಕು. ಇದರ ಫೋಟೊ ಹಾಕಿ, ನೋಡಿ ಹೇಳುತ್ತೇನೆ.

ಉಳಿದ ಸ್ಕ್ರೂ ವಿಷಯಕ್ಕೆ ಬರುತ್ತೇನೆ. ಈ ಹಳೆಯ ಇಂಗ್ಲಿಷ್ ಬಂದೂಕುಗಳ ಸ್ಕ್ರೂಗಳು ಅಂಗಡಿಯ ಸ್ಕ್ರೂಗಳಲ್ಲ. ಒಂದೊಂದನ್ನೂ ಅದರದೇ ತೂತಿಗೆ ಕೈಯಿಂದ ಕೂಡಿಸಿರುತ್ತಾರೆ. ಪಕ್ಕದ ತೂತಿಗೆ ಹೋಗುತ್ತದೆ, ಆದರೆ ಅರ್ಧಕ್ಕೆ ಬಿಗಿಯುತ್ತದೆ. ಚೆನ್ನಾಗಿ ಮಾಡಿದ ಬಂದೂಕಿನಲ್ಲಿ ಸ್ಕ್ರೂ ತಲೆಯ ಗೆರೆಗಳೆಲ್ಲ ನಳಿಗೆಯ ಉದ್ದಕ್ಕೆ ನೇರ ನಿಲ್ಲುತ್ತವೆ. ಗೆರೆ ಓರೆ ನಿಂತಿದ್ದರೆ ಸ್ಕ್ರೂ ಅದಲುಬದಲಾಗಿದೆ ಅಂತ ತಿಳಿಯಬಹುದು. ನಿಮ್ಮ ಎರಡನೇ ಫೋಟೊದಲ್ಲಿ ಕೆಳಗಿನ ತಗಡಿನ ಹಿಂದಿನ ಸ್ಕ್ರೂ ಓರೆಯಾಗಿದೆ. ಅಲ್ಲಿಂದ ಶುರು ಮಾಡಿ. ಆ ಗೆರೆ ತುಂಬಾ ತೆಳು, ಅಂಗಡಿಯ ಸ್ಕ್ರೂಡ್ರೈವರ್ ಅದಕ್ಕೆ ಹೋಗುವುದಿಲ್ಲ, ತಲೆ ಹರಿಯುತ್ತದೆ. ಒಂದು ಹಳೆಯ ಸ್ಕ್ರೂಡ್ರೈವರಿನ ತುದಿಯನ್ನು ಕಾನಸಿನಿಂದ ತೆಳ್ಳಗೆ, ಎರಡೂ ಕಡೆ ಸಮ ಮಾಡಿಕೊಳ್ಳಿ. ಗೆರೆಯ ಅಗಲಕ್ಕೂ ಆಳಕ್ಕೂ ಸರಿ ಕೂರಬೇಕು. ನಾನು ಇದಕ್ಕಾಗಿ ಒಂದು ಸಂಜೆಯನ್ನೇ ಇಡುತ್ತೇನೆ, ಸ್ಕ್ರೂ ಮುಟ್ಟುವುದು ಮರುದಿನ. ಆ ತಗಡಿನ ಒಳಗೆ ವಿ ಆಕಾರದ ಸ್ಪ್ರಿಂಗ್‌ಗಳಿವೆ. ಅವನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಅದಕ್ಕೆ ಬೇರೆ ಇಕ್ಕಳ ಬೇಕು, ಸಿಡಿದರೆ ಕಣ್ಣಿಗೆ ಅಪಾಯ.

ಇನ್ನೊಬ್ಬರು ಹುಬ್ಬಳ್ಳಿಯ ಯಾವುದಾದರೂ ಲೇಥ್ ಅಂಗಡಿಗೆ ಒಯ್ಯಿರಿ ಅಂದಿದ್ದಾರೆ. ಕೆಲಸ ಬಲ್ಲವರು ಇದ್ದಾರೆ, ಸುಳ್ಳಲ್ಲ. ಆದರೆ 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ರಿಪೇರಿಯ ಕಸುಬಿಗೂ ಲೈಸೆನ್ಸ್ ಬೇಕು. ಲೈಸೆನ್ಸ್ ಇಲ್ಲದವರ ಕೈಗೆ ಕೊಟ್ಟರೆ ಅವರಿಗೂ ನಿಮಗೂ ತೊಂದರೆ. ಲೈಸೆನ್ಸ್ ಇರುವ ಬಂದೂಕು ಅಂಗಡಿಗೇ, ನಿಮ್ಮ ಲೈಸೆನ್ಸ್ ಪುಸ್ತಕ ಜೊತೆಗಿಟ್ಟುಕೊಂಡು ಹೋಗಿ. ಗುಂಪಿನಲ್ಲಿ ಹಾಕಿದ ಮೊದಲನೇ ಫೋಟೊದಲ್ಲಿ ಬಂದೂಕಿನ ನಂಬರ್ ಪೂರಾ ಕಾಣುತ್ತಿದೆ. ಅದನ್ನು ತೆಗೆದುಬಿಡಿ.

ಸ್ವಚ್ಛ ಮಾಡುವಾಗ ಒಂದು ಮಾತು. ನಳಿಗೆಯ ಮೇಲೆ ಕೆಂಪು ಚುಕ್ಕೆಗಳಿವೆ ಅಂದಿರಿ. ಅದು ಕುಂಕುಮ ಮತ್ತು ಟೆಂಗಿನ ನೀರಿನ ಕೆಲಸ. ಒದ್ದೆ ಕುಂಕುಮ ಒಂದು ರಾತ್ರಿ ನಿಂತರೂ ತುಕ್ಕು ಹಿಡಿಯುತ್ತದೆ. ಪೂಜೆ ಬಿಡಬೇಕಿಲ್ಲ. ನಾವು ಈಗ ನಳಿಗೆಗೆ ಎಣ್ಣೆ ಸವರಿ, ಕುಂಕುಮವನ್ನು ಹಿಡಿಗೆ ಕಟ್ಟಿದ ಹೂವಿಗೆ ಹಚ್ಚುತ್ತೇವೆ. ತುಕ್ಕಿಗೆ ಸ್ಯಾಂಡ್ ಪೇಪರ್ ಬೇಡ, ಬಫಿಂಗ್ ಅಂತೂ ಬೇಡವೇ ಬೇಡ. ಅತಿ ನಯವಾದ ಸ್ಟೀಲ್ ವುಲ್‌ಗೆ (ಉಕ್ಕಿನ ಎಳೆಗಳ ಉಂಡೆಗೆ) ಹೊಲಿಗೆ ಮಷಿನ್ ಎಣ್ಣೆ ಹಾಕಿ ಮೆಲ್ಲಗೆ ಉಜ್ಜಿ.

ಯಂತ್ರದ ಭಾಗಕ್ಕೆ ಮನೆಯ ಕುಸುಬಿ ಎಣ್ಣೆ, ಅಗಸೆ ಎಣ್ಣೆ ಹಾಕುವವರಿದ್ದಾರೆ. ಹಾಕಬೇಡಿ. ಇವು ಗಾಳಿಗೆ ಒಣಗಿ ಅಂಟಾಗುವ ಎಣ್ಣೆಗಳು, ಒಳಗೆ ಗೋಂದಿನಂತೆ ನಿಲ್ಲುತ್ತವೆ. ಆದರೆ ಅದೇ ಗುಣಕ್ಕೆ ಅಗಸೆ ಎಣ್ಣೆ ಕಟ್ಟಿಗೆಗೆ ಬಲು ಒಳ್ಳೆಯದು. ಇಂಗ್ಲೆಂಡಿನವರೂ ಅಕ್ರೋಟ್ ಮರದ ಹಿಡಿಗೆ ಅದನ್ನೇ ಹಚ್ಚುತ್ತಿದ್ದರು. ನಮ್ಮ ಹೊಲದಲ್ಲೇ ಬೆಳೆಯುವ ಅಗಸೆ. ಅಂಗೈಯಲ್ಲಿ ಎರಡು ಹನಿ ಹಾಕಿ, ಬಿಸಿಯಾಗುವವರೆಗೆ ತಿಕ್ಕಿ, ಒರೆಸಿ, ಎರಡು ಮೂರು ದಿನ ಒಣಗಲು ಬಿಡಿ. ಹೀಗೆ ಹತ್ತು ಸಲ. ಮರದ ಗೆರೆಗಳು ಒಳಗಿಂದ ಎದ್ದು ಬರುತ್ತವೆ. ಅದನ್ನು ನೋಡುವ ಖುಷಿಯೇ ಬೇರೆ.

ಕೊನೆಗೆ, ಕೂಡಿಸಿದ ಕೂಡಲೇ ಒಂದು ಹೊಡೆದು ನೋಡಿ ಅಂದವರ ಮಾತು ಕೇಳಬೇಡಿ. ಮೂರನೇ ಫೋಟೊದಲ್ಲಿ ನಳಿಗೆಯ ಮೇಲೆ ಅಲೆ ಅಲೆಯಾಗಿ ಗೆರೆ ಕಾಣುತ್ತಿದೆ. ಅದು ಡಮಾಸ್ಕಸ್ ನಳಿಗೆ, ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು ಸುತ್ತಿ ಬಡಿದು ಮಾಡಿದ್ದು. ಇಂಥವು ಹೆಚ್ಚಾಗಿ ಕರಿಮದ್ದಿನ ಕಾಲದವು. ನಳಿಗೆಯ ಕೆಳಗಿನ ಚಪ್ಪಟೆ ಜಾಗದಲ್ಲಿ ಕಿರೀಟದ ಗುರುತುಗಳಿವೆ. ಅಲ್ಲಿ ನೈಟ್ರೊ ಪ್ರೂಫ್ (ಈಗಿನ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾಗಿದೆ) ಎಂಬ ಬರಹವಾಗಲಿ, ಕಿರೀಟದ ಕೆಳಗೆ ಎನ್‌ಪಿ ಅಕ್ಷರವಾಗಲಿ ಇಲ್ಲದಿದ್ದರೆ ಈಗಿನ ಕಾಡತೂಸು ಅದರಲ್ಲಿ ಹಾಕಲೇಬಾರದು. ಆ ಗುರುತು ಇದ್ದರೂ ಅದು ಅಂದಿನ ಪರೀಕ್ಷೆ. ಒಳಗೆ ತುಕ್ಕು ತಿಂದು ನಳಿಗೆಯ ಗೋಡೆ ತೆಳುವಾಗಿದ್ದರೆ ಗುರುತಿಗೆ ಗೊತ್ತಾಗುವುದಿಲ್ಲ. ಇನ್ನು ಹಳೆಯ ನಳಿಗೆಯಲ್ಲಿ ಕಾಡತೂಸು ಕೂರುವ ಕೋಣೆ ಬಹಳ ಸಲ 65 ಮಿ.ಮೀ. ಇರುತ್ತದೆ. ಈಗ ಜಾಸ್ತಿ ಸಿಗುವುದು 70 ಮಿ.ಮೀ. ಕಾಡತೂಸು. ಅದು ಒಳಗೆ ಸಲೀಸಾಗಿ ಹೋಗುತ್ತದೆ, ಅದೇ ಮೋಸ. ಹೊಡೆದಾಗ ಕಾಡತೂಸಿನ ಮಡಚಿದ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಕೋಣೆಯ ಉದ್ದ, ಗೋಡೆಯ ದಪ್ಪ ಎರಡನ್ನೂ ಆ ಲೈಸೆನ್ಸ್ ಇರುವ ಬಂದೂಕು ಅಂಗಡಿಯಲ್ಲೇ ಅಳೆಸಿ.

ಮನೆಯಲ್ಲೇ ಮಾಡಬಹುದಾದ ಎರಡು ಪರೀಕ್ಷೆ ಇವೆ. ನಳಿಗೆಯನ್ನು ಕೊಕ್ಕೆಯಿಂದ ದಾರಕ್ಕೆ ತೂಗುಹಾಕಿ, ಬೆರಳ ಗೆಣ್ಣಿನಿಂದ ತಟ್ಟಿ. ಗುಡಿಯ ಗಂಟೆಯಂತೆ ನಿನಾದ ಬಂದರೆ ಎರಡು ನಳಿಗೆಯ ನಡುವಿನ ಬೆಸುಗೆ ಗಟ್ಟಿ ಇದೆ. ಒಡೆದ ಮಡಕೆಯ ಸದ್ದು ಬಂದರೆ ಬೆಸುಗೆ ಬಿಟ್ಟಿದೆ. ಎರಡನೆಯದು, ಎಲ್ಲ ಕೂಡಿಸಿದ ಮೇಲೆ ಮುಂದಿನ ಕಟ್ಟಿಗೆ ಮಾತ್ರ ತೆಗೆದು, ಮುಚ್ಚಿದ ಬಂದೂಕನ್ನು ಹಿಡಿದು ನಳಿಗೆಯನ್ನು ಅತ್ತಿತ್ತ ಅಲುಗಿಸಿ. ಕಟ್ಟಿಗೆ ಇದ್ದಾಗ ಸಡಿಲ ಮುಚ್ಚಿಹೋಗುತ್ತದೆ, ಅದಕ್ಕೇ ತೆಗೆಯುವುದು. ಒಂದಿಷ್ಟು ಅಲುಗಿದರೂ ಬರೆಯಿರಿ. ನಾಳೆ ಸಂಜೆ ಧಾರವಾಡದ ಮನೆಯಲ್ಲಿರುತ್ತೇನೆ, ಟಕ್ ಸದ್ದು ಎರಡು ಸಲ ಬಂತಾ ಅಂತ ಮೊದಲು ತಿಳಿಸಿ.