ಓದುಗರ ಪ್ರಶ್ನೆ: ಕಾಯಿಲ್ ಹಿಡಿಯುವ ಮೊದಲು ಕೇಳಬೇಕಾದ ಮಾತು

ಪ್ರಶ್ನೆ: ನಾನು ಕಲಬುರಗಿಯಲ್ಲಿ ಮನಃಶಾಸ್ತ್ರದ ಎಂ.ಎಸ್‌ಸಿ. ಮುಗಿಸಿದ್ದೇನೆ. ಶಸ್ತ್ರಚಿಕಿತ್ಸೆಯಿಲ್ಲದೆ, ತಲೆಯ ಹೊರಗಿನಿಂದಲೇ ಮಿದುಳನ್ನು ಪ್ರಚೋದಿಸುವ ಅಧ್ಯಯನವೊಂದಕ್ಕೆ ಸಂಶೋಧನಾ ಸಹಾಯಕಿಯಾಗಿ ಸೇರಲು ಬೆಂಗಳೂರಿನಿಂದ ಕರೆ ಬಂದಿದೆ. ‘ಮಂದಿ ತಲಿಗೆ ಕರೆಂಟ್ ಕೊಡೋ ಕೆಲಸ ನಮಗ್ಯಾಕ’ ಎಂದು ಅವ್ವ ಹೆದರುತ್ತಾಳೆ. ಅಂಥ ಯಂತ್ರ ನಾನು ಮುಟ್ಟಿಯೂ ಇಲ್ಲ. ಈ ಕೆಲಸಕ್ಕೆ ನಾನು ತಕ್ಕವಳೇ?
— ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ನಿಮ್ಮ ತಾಯಿಯವರ ಮನಸ್ಸಿನಲ್ಲಿರುವುದು ಬಹುಶಃ ‘ಶಾಕ್ ಟ್ರೀಟ್‌ಮೆಂಟ್’. ಅದು ಅರಿವಳಿಕೆ ಕೊಟ್ಟು, ಬೇಕೆಂದೇ ಮಿದುಳಿನಲ್ಲಿ ಫಿಟ್ಸ್ ಉಂಟುಮಾಡುವ ಚಿಕಿತ್ಸೆ. ನೀವು ಹೋಗಲಿರುವ ಕಡೆ ಫಿಟ್ಸ್ ಬಾರದಂತೆ ನೋಡಿಕೊಳ್ಳುವುದೇ ಮೊದಲ ನಿಯಮ, ಮತ್ತು ಕುರ್ಚಿಯಲ್ಲಿ ಕುಳಿತವರು ಉದ್ದಕ್ಕೂ ಎಚ್ಚರವಾಗಿಯೇ ಇರುತ್ತಾರೆ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥೊನಿ ಬಾರ್ಕರ್ ಮತ್ತು ಸಂಗಡಿಗರು ತೋರಿಸಿಕೊಟ್ಟ ಟಿಎಂಎಸ್ ಎಂಬ ವಿಧಾನದಲ್ಲಿ, ತಲೆಯ ಮೇಲೆ ಹಿಡಿದ ತಂತಿಯ ಕಾಯಿಲ್‌ನಿಂದ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಅವಧಿಯ ಕಾಂತೀಯ ಸ್ಪಂದನ ಹೊರಟು, ತಲೆಬುರುಡೆಯನ್ನು ದಾಟಿ, ಮಿದುಳಿನ ಮೇಲ್ಪದರದಲ್ಲಿ ಕ್ಷಣಮಾತ್ರದ ವಿದ್ಯುತ್ತನ್ನು ಪ್ರೇರಿಸುತ್ತದೆ. ಟಿಡಿಸಿಎಸ್ ಎಂಬ ಇನ್ನೊಂದು ವಿಧಾನದಲ್ಲಿ ಉಪ್ಪುನೀರಿನಲ್ಲಿ ನೆನೆಸಿ ತಲೆಯ ಮೇಲಿಟ್ಟ ಎರಡು ಸ್ಪಂಜುಗಳ ಮೂಲಕ ಸಾಮಾನ್ಯವಾಗಿ 1ರಿಂದ 2 ಮಿಲಿಆಂಪಿಯರ್ ವಿದ್ಯುತ್ ಹರಿಸುತ್ತಾರೆ. ಹಳೆಯ ಟಾರ್ಚಿನ ಬಲ್ಬಿಗೆ ಇದರ ನೂರು ಪಟ್ಟಿಗಿಂತ ಹೆಚ್ಚು ಬೇಕು. ತಾಯಿಯವರಿಗೆ ಇಷ್ಟನ್ನು ನೀವೇ ಕೂತು ಹೇಳಿ.

ಯಂತ್ರದ ಚಿಂತೆ ಬಿಡಿ. ಎಡಗೈ ಬೆರಳು ಮಿಡಿಯುವಂತೆ ಬಲ ಮಿದುಳಿನ ಸರಿಯಾದ ಜಾಗವನ್ನು ಹುಡುಕುವುದು, ಹತ್ತು ಸಲ ಸ್ಪಂದನ ಕೊಟ್ಟಾಗ ಕನಿಷ್ಠ ಐದು ಸಲ 50 ಮೈಕ್ರೋವೋಲ್ಟ್‌ನ ಸ್ನಾಯು ಪ್ರತಿಕ್ರಿಯೆ ಬರುವ ಕನಿಷ್ಠ ತೀವ್ರತೆಯನ್ನು ಗುರುತಿಸುವುದು, ಇವೆಲ್ಲ ಹಿರಿಯರ ಪಕ್ಕದಲ್ಲಿ ನಿಂತು ಅಭ್ಯಾಸ ಮಾಡಿದರೆ ಬರುತ್ತವೆ. ಈಗ ಕಲಬುರಗಿಯಲ್ಲಿ ಪಾಠ ಹೇಳುವ ನಾನೂ ಒಂದು ಕಾಲಕ್ಕೆ ಹಾಗೆಯೇ ಕಲಿತೆ. ನನಗೆ ಕಷ್ಟವಾದದ್ದು ಅದಕ್ಕೂ ಮೊದಲಿನ ಅರ್ಧ ಗಂಟೆ, ಅಂದರೆ ಸುರಕ್ಷತಾ ಪ್ರಶ್ನಾವಳಿ ತುಂಬಿಸುವ ಹೊತ್ತು.

ಸೇರಿದ ಹೊಸದರಲ್ಲಿ ಚಿತ್ತಾಪುರ ಕಡೆಯ ಒಬ್ಬ ಯುವಕ ಸ್ವಯಂಸೇವಕನಾಗಿ ಬಂದಿದ್ದ. ‘ಅಪಸ್ಮಾರದ ಇತಿಹಾಸವಿದೆಯೇ?’ ಎಂದು ಅಚ್ಚಾಗಿದ್ದ ಸಾಲನ್ನು ನಾನು ಓದಿದೆ, ಅವನು ಇಲ್ಲವೆಂದ, ನಾನು ಗುರುತು ಹಾಕಿದೆ. ಕಾಯಿಲ್ ಸಿದ್ಧವಾಗುವಾಗ ನಮ್ಮ ಕಡೆಯ ಮಾತಿನಲ್ಲೇ ಹರಟುತ್ತಾ, ‘ಎಂದಾದರೂ ಎಚ್ಚರ ತಪ್ಪಿ ಬಿದ್ದಿರೇನು?’ ಎಂದು ಕೇಳಿದಾಗ, ‘ಸಣ್ಣಾಂವ ಇದ್ದಾಗ ಎರಡು ಸಲ ಬಿದ್ದೀನ್ರಿ, ಫಿಟ್ಸ್ ಅಂದ್ರು’ ಎಂದ. ಅಂದಿನ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತಿಳಿಸಿದೆವು. ಅವನು ಸುಳ್ಳು ಹೇಳಿರಲಿಲ್ಲ. ಫಿಟ್ಸ್ ಕಾಯಿಲೆಗಿರುವ ‘ಅಪಸ್ಮಾರ’ ಎಂಬ ಪುಸ್ತಕದ ಪದವನ್ನೇ ಅವನು ಕೇಳಿರಲಿಲ್ಲ, ಅದು ಅವನಿಗೆ ತಿಳಿಯಿತೇ ಎಂದು ನಾನು ವಿಚಾರಿಸಿರಲಿಲ್ಲ. ತಪ್ಪು ನನ್ನದು. ಅದನ್ನು ನೆನೆದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ.

ಆದ್ದರಿಂದ ನೀವು ತಕ್ಕವರೇ ಎಂಬ ಪ್ರಶ್ನೆಗೆ ನನ್ನ ಉತ್ತರ ಹೌದು, ಮತ್ತು ನಿಮ್ಮ ಊರಿನ ಮಾತೂ ಆ ಯೋಗ್ಯತೆಯ ಒಂದು ಭಾಗ. ಮದುವೆ ಮಾತುಕತೆ ಕೆಟ್ಟೀತೆಂಬ ಭಯಕ್ಕೆ ಫಿಟ್ಸ್ ವಿಷಯವನ್ನು ಮುಚ್ಚಿಡುವವರು ನಮ್ಮಲ್ಲಿದ್ದಾರೆ. ಅವರನ್ನು ಒಬ್ಬರೇ ಇರುವಾಗ, ಮನೆಯವರನ್ನು ಹೊರಗೆ ಕೂಡಿಸಿ, ಕೇಳಬೇಕು. ತಲೆಯೊಳಗೆ ಲೋಹದ ತುಂಡು, ಕಿವಿಯ ಇಂಪ್ಲಾಂಟ್, ಪೇಸ್‌ಮೇಕರ್, ಗರ್ಭ, ಸೇವಿಸುತ್ತಿರುವ ಮಾತ್ರೆ, ಇವನ್ನೆಲ್ಲ ವಿಚಾರಿಸಬೇಕು. ಹಿಂದಿನ ರಾತ್ರಿಯ ನಿದ್ದೆಯನ್ನು ಮರೆಯಬೇಡಿ: ಕಲಬುರಗಿಯಿಂದ ರಾತ್ರಿ ರೈಲಿನಲ್ಲಿ ನಿಂತೇ ಬಂದವರಿಗೆ ಅಂದು ಟಿಎಂಎಸ್ ಮಾಡಬಾರದು, ಏಕೆಂದರೆ ನಿದ್ದೆಗೆಟ್ಟ ಮಿದುಳಿನಲ್ಲಿ ಫಿಟ್ಸ್ ಬರುವ ಸಾಧ್ಯತೆ ಹೆಚ್ಚು. ಟಿಡಿಸಿಎಸ್‌ಗೆ ಬರುವವರಿಗೆ ತಲೆಗೆ ಎಣ್ಣೆ ಹಚ್ಚದೆ ಬರಲು ಹಿಂದಿನ ದಿನವೇ ತಿಳಿಸಿ. ಕೊಬ್ಬರಿ ಎಣ್ಣೆ ಹಚ್ಚಿದ ಕೂದಲಿನ ಮೇಲೆ ಸ್ಪಂಜು ಸರಿಯಾಗಿ ಕೂಡದೆ ವಿದ್ಯುತ್ ತಡೆ ಏರುತ್ತದೆ. ಸ್ಪಂಜು ಅಲ್ಲಲ್ಲಿ ಒಣಗಿದರೆ ಚರ್ಮ ಸುಡಬಹುದು.

ಸೇರುವ ಮೊದಲು ನೀವೂ ಅವರನ್ನು ಕೇಳಿ: ನೈತಿಕ ಸಮಿತಿಯ ಒಪ್ಪಿಗೆ ಇದೆಯೇ, ಯಾರಿಗಾದರೂ ಫಿಟ್ಸ್ ಬಂದರೆ ಯಾವ ವೈದ್ಯರು ಎಷ್ಟು ಬೇಗ ತಲುಪುತ್ತಾರೆ, ಅಪಾಯ ಕಂಡರೆ ಯಂತ್ರ ನಿಲ್ಲಿಸುವ ಅಧಿಕಾರ ಸಹಾಯಕರಿಗಿದೆಯೇ? ಮೂರನೆಯದಕ್ಕೆ ತಡವರಿಸುವ ಪ್ರಯೋಗಾಲಯಕ್ಕೆ ಹೋಗಬೇಡಿ.

ಪ್ರಶ್ನೆ: ಇಂಥ ಅಧ್ಯಯನಕ್ಕೆ ಹೋದ ನನ್ನ ಮಗನಿಗೆ ‘ನಿನಗೆ ಹುಸಿ ಪ್ರಚೋದನೆ ಕೊಟ್ಟಿರಬಹುದು’ ಎಂದರಂತೆ. ಇದು ಮೋಸವಲ್ಲವೇ?
— ಓದುಗರು, ಭಾಲ್ಕಿ, ಬೀದರ್ ಜಿಲ್ಲೆ

ಉತ್ತರ: ಮೊದಲೇ ತಿಳಿಸಿ ಒಪ್ಪಿಗೆ ಪಡೆದಿದ್ದರೆ ಮೋಸವಲ್ಲ. ಹೋಲಿಸಿ ನೋಡಲು ಒಂದು ಗುಂಪಿಗೆ ನಿಜವಾದ ಪ್ರಚೋದನೆಯನ್ನೂ ಇನ್ನೊಂದಕ್ಕೆ ಅದರಂತೆಯೇ ತೋರುವ ಹುಸಿ ಪ್ರಚೋದನೆಯನ್ನೂ ಕೊಡುತ್ತಾರೆ. ಟಿಡಿಸಿಎಸ್‌ನಲ್ಲಿ ಅರ್ಧ ನಿಮಿಷದಷ್ಟು ಹೊತ್ತು ವಿದ್ಯುತ್ ಹರಿಸಿ ನಿಲ್ಲಿಸಿದರೂ ಚರ್ಮ ಚುರುಗುಟ್ಟುವುದರಿಂದ, ನಿಜವೋ ಹುಸಿಯೋ ಎಂಬುದು ಕುಳಿತವರಿಗೆ ಸುಲಭವಾಗಿ ತಿಳಿಯುವುದಿಲ್ಲ. ಉತ್ತಮ ಅಧ್ಯಯನಗಳಲ್ಲಿ ಸಹಾಯಕರಿಗೂ ತಿಳಿಯದಂತೆ ಸಂಕೇತ ಸಂಖ್ಯೆ ಬಳಸುತ್ತಾರೆ. ಹಾಗಿಲ್ಲದಿದ್ದರೆ ಸುಧಾರಣೆ ಯಂತ್ರದಿಂದ ಬಂತೋ, ನಂಬಿಕೆಯಿಂದ ಬಂತೋ ಹೇಳಲಾಗದು. ಮಗನಿಗೆ ಕೊಟ್ಟ ಒಪ್ಪಿಗೆ ಪತ್ರದ ಪ್ರತಿಯಲ್ಲಿ ಮುಖ್ಯ ಸಂಶೋಧಕರನ್ನೂ ನೈತಿಕ ಸಮಿತಿಯನ್ನೂ ಸಂಪರ್ಕಿಸುವ ವಿವರ ಇರಬೇಕು. ಅಧ್ಯಯನ ಮುಗಿದ ಮೇಲೆ ಅವನು ಯಾವ ಗುಂಪಿನಲ್ಲಿದ್ದನೆಂದು ಅವರನ್ನೇ ಕೇಳಲಿ.